ಮೂರನೇ ಬೇಸಿನ ಬಳಿಯ ಖಾಲಿ ಜಾಗ

೧೯೮೦ರ ಕೊನೆಯಲ್ಲಿ ನಾನು ಬಹರೈನ್‌ನಲ್ಲಿ ಒಂದು ಅಮೆರಿಕನ್ ಕಟ್ಟೋಣ ಕಂಪನಿಯ ಕ್ಯಾಂಪ್ ಬಾಸ್ ಆಗಿದ್ದೆ. ಹೆಸರು ಕೇಳಿ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಕೂಲಿಕಾರರ ವಸತಿ, ಊಟ, ಬಸ್ಸು, ಜ್ವರ, ಜಗಳ ಇವಿಷ್ಟನ್ನೂ ನೋಡಿಕೊಳ್ಳುವವನಿಗೆ ಕೊಲ್ಲಿ ದೇಶಗಳಲ್ಲಿ ಇರುವ ಹೆಸರು ಅದು. ಅಂಕೋಲೆಯಿಂದ ೧೯೭೪ರಲ್ಲಿ ಅಡುಗೆಮನೆಯ ಸಹಾಯಕನಾಗಿ ಹೋದ ನಾನು ಆರು ವರ್ಷಗಳಲ್ಲಿ ಆ ಕುರ್ಚಿಗೆ ಬಂದದ್ದು ಓದಿನಿಂದಲ್ಲ, ಮನಾಮಾದ ತರಕಾರಿ ಮಾರುಕಟ್ಟೆಯಲ್ಲಿ ಈರುಳ್ಳಿಗೆ ಚೌಕಾಸಿ ಮಾಡುವುದನ್ನು ಕಲಿತದ್ದರಿಂದ. ಎದುರಿಗಿರುವವನಿಗೆ ನಿಜವಾಗಿ ಏನು ಬೇಕು ಎಂಬುದನ್ನು ಅವನು ಬಾಯಿ ಬಿಡುವ ಮೊದಲೇ ತಿಳಿದುಕೊಳ್ಳಬೇಕು. ಚೌಕಾಸಿ ಎಂದರೆ ಅಷ್ಟೇ. ಅದು ಗೊತ್ತಿದ್ದರೆ ಈರುಳ್ಳಿಯಾದರೇನು, ವೀಸಾ ಆದರೇನು. ಈಗಲೂ ನನ್ನಲ್ಲಿ ಸಲಹೆ ಕೇಳಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಎರಡನೆಯದಾಗಿ ಹೇಳುವ ಮಾತೊಂದಿದೆ. ಅದನ್ನು ಕಲಿತ ಕಥೆ ಇದು.

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಹಾಲಿಸ್ ಎಂಬ ಎತ್ತರದ ಮನುಷ್ಯ. ತನ್ನ ಊರಿನಲ್ಲಿ ಕಾಲೇಜು ತಂಡಕ್ಕೆ ಬೇಸ್‌ಬಾಲ್ ಆಡಿದವನು. ಅಲ್ಲಿ ಹತ್ತಾರು ಕಾಲೇಜುಗಳು ಸೇರಿ ಒಂದು ಕಾನ್ಫರೆನ್ಸ್ ಅಂತ ಮಾಡಿಕೊಂಡು ವರ್ಷವಿಡೀ ಒಬ್ಬರಿಗೊಬ್ಬರು ಆಡುತ್ತವಂತೆ. ವಾರಕ್ಕೊಮ್ಮೆ ಯಾರ ಸರಾಸರಿ ಎಷ್ಟು, ಯಾರು ಮುಂದೆ ಎಂಬ ಪಟ್ಟಿ ಹೊರಬೀಳುತ್ತದಂತೆ. ಮರಳುಗಾಡಿಗೆ ಬಂದರೂ ಅವನಿಗೆ ಆ ಹುಚ್ಚು ಬಿಟ್ಟಿರಲಿಲ್ಲ. ಐದು ಕಂಪನಿಗಳನ್ನೂ ಒಂದು ತಾಂತ್ರಿಕ ಕಾಲೇಜನ್ನೂ ಸೇರಿಸಿ ಶುಕ್ರವಾರದ ಲೀಗ್ ಒಂದನ್ನು ಕಟ್ಟಿದ. ಗಟ್ಟಿ ಮರಳಿನ ಮೇಲೆ ಹಳೆಯ ಎಣ್ಣೆ ಸುರಿದು ಧೂಳು ಕೂರಿಸಿದ ಮೈದಾನ. ಪ್ರತಿ ಶನಿವಾರ ನಮ್ಮ ಊಟದ ಹಾಲ್‌ನ ಬೋರ್ಡಿನಲ್ಲಿ ಲೀಗಿನ ಅಗ್ರ ಆಟಗಾರರ ಪಟ್ಟಿ. ನಾನು ತಂಡದ ಮ್ಯಾನೇಜರ್ ಮತ್ತು ಸ್ಕೋರ್ ಬರೆಯುವವನು. ನನಗೆ ಆಟ ಗೊತ್ತಿತ್ತು ಎಂದಲ್ಲ, ಬಸ್ಸಿನ ಕೀಲಿ ನನ್ನ ಹತ್ತಿರ ಇತ್ತು.

ಕ್ರಿಕೆಟ್ ಬಲ್ಲ ಓದುಗರಿಗೆ ಈ ಆಟವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪಿಚ್ ಬದಲು ಚೌಕಾಕಾರದ ಅಂಗಳ, ನಾಲ್ಕು ಮೂಲೆಗೆ ನಾಲ್ಕು ಬೇಸ್. ಚೆಂಡು ಹೊಡೆದವನು ಒಂದೊಂದೇ ಬೇಸ್ ದಾಟಿ ಸುತ್ತು ಮುಗಿಸಿ ಹೊರಟಲ್ಲಿಗೆ ಬಂದರೆ ಒಂದು ರನ್. ನಿಮ್ಮ ಹಿಂದಿನವನು ಹೊಡೆದಾಗ ಬೇಸ್ ಮೇಲೆ ನಿಂತಿರುವ ನೀವು ಸಾಮಾನ್ಯವಾಗಿ ಮುಂದಕ್ಕೆ ಓಡಲೇಬೇಕು, ಇಲ್ಲದಿದ್ದರೆ ಅವನಿಗೆ ಜಾಗವಿಲ್ಲ. ಚೆಂಡು ನಿಮಗಿಂತ ಮೊದಲು ಮುಂದಿನ ಬೇಸ್ ತಲುಪಿದರೆ ಔಟ್. ಹತ್ತು ಸಲ ಬ್ಯಾಟ್ ಹಿಡಿದು ನಾಲ್ಕು ಸಲ ಚೆನ್ನಾಗಿ ಹೊಡೆದು ಬೇಸ್ ಮುಟ್ಟಿದವನ ಸರಾಸರಿ, ಸಾವಿರದ ಲೆಕ್ಕದಲ್ಲಿ, ನಾನೂರು. ಇನ್ನೂರೈವತ್ತು ಇದ್ದರೆ ಪರವಾಗಿಲ್ಲ, ಮುನ್ನೂರು ಇದ್ದರೆ ಒಳ್ಳೆಯದು, ನಾನೂರು ಎಂದರೆ ಜನ ತಿರುಗಿ ನೋಡುತ್ತಾರೆ.

ನಾನೂರರ ಮೇಲೆ ಇಡೀ ಲೀಗಿನಲ್ಲಿ ಇದ್ದವನು ಒಬ್ಬನೇ, ನಮ್ಮ ವಿಲ್ಲಿ. ಮೂಡುಬಿದಿರೆ ಕಡೆಯ ಕ್ರಿಶ್ಚಿಯನ್ ಹುಡುಗ, ವೆಲ್ಡರ್. ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಕಣ್ಣು ಪಳಗಿದವನು. ಡಿಸೆಂಬರಿನ ಪಟ್ಟಿಯಲ್ಲಿ ಮೊದಲ ಹೆಸರು ಅವನದು, ನಾಲ್ಕನೆಯದು ನಮ್ಮ ಫಿಟ್ಟರ್ ಒಬ್ಬನದು, ಎಂಟನೆಯದೂ ನಮ್ಮವನದೇ. ಆದರೆ ಅದೇ ಬೋರ್ಡಿನ ಕೆಳಗೆ ತಂಡಗಳ ಸ್ಥಾನದ ಪಟ್ಟಿಯಲ್ಲಿ ನಾವು ಆರಕ್ಕೆ ಆರನೆಯವರು. ಒಳ್ಳೊಳ್ಳೆಯ ಆಳುಗಳಿದ್ದೂ ತಂಡ ಸೋಲುವುದು ಹಾಲಿಸ್‌ನ ತಲೆ ಕೆಡಿಸಿತ್ತು.

ಕಾರಣ ನಮ್ಮವರ ಕಾಲಲ್ಲಿತ್ತು. ಕ್ರಿಕೆಟ್ಟಿನಲ್ಲಿ ಎದುರು ತುದಿಯಲ್ಲಿರುವವನು ಬ್ಯಾಟ್ಸ್‌ಮನ್ ಕೂಗುವ ತನಕ ಕಾಯುತ್ತಾನೆ. ಎಸ್, ನೋ, ವೇಟ್ ಎಂಬ ಕೂಗಿಲ್ಲದೆ ಹೆಜ್ಜೆ ಎತ್ತುವುದಿಲ್ಲ. ಅದು ಸಾಲದ್ದಕ್ಕೆ ಇವರೆಲ್ಲ ಕ್ರೇನ್ ಕೆಳಗೆ ದುಡಿಯುವ ಜನ. ಅಲ್ಲಿ ಭಾರ ಎತ್ತುವಾಗ ಕ್ರೇನ್ ಓಡಿಸುವವನಿಗೆ ಕೆಳಗಿನದು ಕಾಣುವುದಿಲ್ಲ. ಸಿಗ್ನಲ್‌ಮನ್ ಕೈ ಮತ್ತು ದನಿಯಿಂದ ದಾರಿ ತೋರಿಸಬೇಕು. ಆ ಕೆಲಸಕ್ಕೆ ಒಂದೇ ಕಾನೂನು: ಸಿಗ್ನಲ್ ಬರಲಿಲ್ಲವೆಂದರೆ ಎಲ್ಲಿದ್ದೀಯೋ ಅಲ್ಲೇ ನಿಲ್ಲು. ವರ್ಷಗಟ್ಟಲೆ ಅದನ್ನು ಮೈಗೆ ಹತ್ತಿಸಿಕೊಂಡವರು ಬೇಸ್ ಮೇಲೂ ಹಾಗೇ ನಿಂತುಬಿಡುತ್ತಿದ್ದರು. ಹಿಂದಿನವನು ಎಷ್ಟು ಚೆನ್ನಾಗಿ ಹೊಡೆದರೂ ಮುಂದಿನವನು ಕಂಬ.

ನಮ್ಮ ತಂಡದಲ್ಲಿ ಸಂಜೀವ ಎಂಬ ಮನುಷ್ಯನಿದ್ದ. ಮಲ್ಪೆಯವನು, ವೃತ್ತಿಯಲ್ಲಿ ಸಿಗ್ನಲ್‌ಮನ್. ಬ್ಯಾಟ್ ಹಿಡಿದರೆ ಸೊಳ್ಳೆ ಓಡಿಸಿದ ಹಾಗೆ. ಅವನನ್ನು ಆಡಿಸುತ್ತಲೇ ಇರಲಿಲ್ಲ. ಬೆಂಚಿನಲ್ಲಿ ಕೂತು ಎರಡೂ ತಂಡದವರನ್ನು ಗೇಲಿ ಮಾಡುವುದೇ ಅವನ ಆಟ. ಜನವರಿಯ ಒಂದು ಶುಕ್ರವಾರ ವಿಲ್ಲಿ ಎರಡನೇ ಬೇಸಿನಲ್ಲಿ ನಿಂತಿದ್ದಾಗ ಹಿಂದಿನವನು ದೂರಕ್ಕೆ ಹೊಡೆದ. ವಿಲ್ಲಿ ಕತ್ತು ತಿರುಗಿಸಿ ನೋಡುತ್ತ ನಿಂತ. ಸಂಜೀವನಿಗೆ ತಡೆಯಲಾಗಲಿಲ್ಲ. ಎದ್ದು ಮೂರನೇ ಬೇಸಿನ ಪಕ್ಕಕ್ಕೆ ಓಡಿ ಅರಚಿದ:

"ಬಲಿಪು ಮಾರಾಯ, ಬಲಿಪು! ನಿಂತು ನೋಡ್ಲಿಕ್ಕೆ ಎಂತ, ನಿನ್ನ ಮದುವೆಯ ಮೆರವಣಿಗೆಯಾ?"

ಬಲಿಪು ಎಂದರೆ ತುಳುವಿನಲ್ಲಿ ಓಡು. ವಿಲ್ಲಿ ಬೆಚ್ಚಿಬಿದ್ದು ಓಡಿದ, ಮೂರನೇ ಬೇಸನ್ನೂ ದಾಟಿ ಓಡಿದ, ರನ್ ಬಂತು. ಹಾಲಿಸ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಬ್ಯಾಟ್ ಮಾಡುವ ತಂಡದ ಒಬ್ಬ ಮೂರನೇ ಬೇಸಿನ ಪಕ್ಕ ನಿಂತು ಓಟಗಾರರಿಗೆ ಕೂಗಿ ಹೇಳಬಹುದು, ಅದಕ್ಕೆಂದೇ ಸುಣ್ಣದಲ್ಲಿ ಒಂದು ಚೌಕ ಬರೆದಿರುತ್ತಾರೆ ಎಂಬುದು ನನಗೆ ಗೊತ್ತಾದದ್ದು ಅವತ್ತು. ಅಲ್ಲಿಯ ತನಕ ಆ ಚೌಕದಲ್ಲಿ ನಾವು ನೀರಿನ ಡ್ರಮ್ ಇಡುತ್ತಿದ್ದೆವು.

ಮರುವಾರದಿಂದ ಆ ಚೌಕ ಸಂಜೀವನದ್ದಾಯಿತು. ಅವನು ಕಲಿಸಿದ್ದು ಒಂದೇ ಪಾಠ. "ಚೆಂಡು ನೋಡ್ಬೇಡಿ. ಚೆಂಡು ನೋಡುವ ಕೆಲಸ ನಂದು. ನೀವು ತಲೆ ತಗ್ಗಿಸಿ ಬೇಸ್ ನೋಡಿ, ನನ್ನ ಬಾಯಿ ಕೇಳಿ. ಬಲಿಪು ಅಂದ್ರೆ ಓಡುದು, ಉಂತು ಅಂದ್ರೆ ನಿಲ್ಲುದು. ಮಧ್ಯದಲ್ಲಿ ನಿಮ್ಮ ಬುದ್ಧಿ ಓಡಿಸಿದ್ರೆ ಸಾಂಬಾರಿಗೆ ಹಾಕ್ತೇನೆ." ಅಮೆರಿಕನ್ನರಿಗಾಗಲಿ ಬಹರೈನಿನ ಹುಡುಗರಿಗಾಗಲಿ ತುಳು ಹೇಗೆ ಅರ್ಥವಾಗಬೇಕು? ಅವರಿಗೆ ಕೇಳುತ್ತಿದ್ದದ್ದು ಬರೀ ಬೊಬ್ಬೆ. ನಮ್ಮವರು ಚೆಂಡಿನ ಕಡೆ ಕಣ್ಣೆತ್ತದೆ ಓಡಲು ಕಲಿತರು. ಕಣ್ಣು ಕಟ್ಟಿ ಬಿಟ್ಟರೂ ಆ ದನಿ ಇದ್ದರೆ ಸಾಕಿತ್ತು. ಮಾರ್ಚ್ ಹೊತ್ತಿಗೆ ಆಡಿದ ಏಳರಲ್ಲಿ ಐದು ಗೆದ್ದು ನಾವು ಎರಡನೇ ಸ್ಥಾನಕ್ಕೆ ಬಂದೆವು. ವಿಚಿತ್ರವೆಂದರೆ ಅಗ್ರ ಆಟಗಾರರ ಪಟ್ಟಿ ಡಿಸೆಂಬರಿನಲ್ಲಿ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು. ಅದೇ ವಿಲ್ಲಿ, ಅದೇ ಫಿಟ್ಟರ್. ಬದಲಾದದ್ದು ಕೆಳಗಿನ ಪಟ್ಟಿ ಮಾತ್ರ.

ಆ ಮಾರ್ಚ್‌ನಲ್ಲೇ ನಮ್ಮ ಯೋಜನೆ ಮುಗಿಯುತ್ತ ಬಂದಿತ್ತು. ಹೊಸ ಯೋಜನೆಗೆ ಅರ್ಧದಷ್ಟು ಜನರೂ ಬೇಕಿರಲಿಲ್ಲ. ಕ್ರೇನ್ ಕೆಲಸ ಕಡಿಮೆ, ಹಾಗಾಗಿ ಸಿಗ್ನಲ್‌ಮನ್‌ಗಳೆಲ್ಲ ಊರಿಗೆ. ಹಾಲಿಸ್ ತನ್ನ ಅಧಿಕಾರದಲ್ಲಿ ತಂಡದಿಂದ ಆರು ಜನರನ್ನು ಉಳಿಸಿಕೊಳ್ಳಬಹುದಿತ್ತು. ಯಾರು ಆ ಆರು ಜನ ಎಂದು ಕೇಳಿದರೆ ಬೋರ್ಡಿನತ್ತ ಬೆರಳು ತೋರಿಸಿದ. ಸರಾಸರಿಯಲ್ಲಿ ನಮ್ಮವರ ಪೈಕಿ ಮೇಲಿನ ಆರು. ವಿಲ್ಲಿಯ ಹೆಸರು ಮೊದಲನೆಯದು. ಸಂಜೀವನ ಹೆಸರು ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅವನು ಮಾಡುವ ಕೆಲಸಕ್ಕೆ ಅದರಲ್ಲಿ ಅಂಕಣವೇ ಇರಲಿಲ್ಲ.

ಸಂಜೀವನಿಗೆ ಬಹರೈನ್ ಬಿಟ್ಟು ಹೋಗುವುದೆಂದರೆ ಕೆಲಸ ಹೋಗುವುದಷ್ಟೇ ಆಗಿರಲಿಲ್ಲ. ಅವನ ಹೆಂಡತಿ ಲಲಿತಾ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾಗಿ ಎರಡೇ ತಿಂಗಳಿಗೆ ಅವಳು ಬಹರೈನ್‌ಗೆ ಬಂದಳು, ಅವನು ಊರಿನಲ್ಲಿ ಉಳಿದ. ನಾಲ್ಕು ವರ್ಷ ಪತ್ರದಲ್ಲೇ ಸಂಸಾರ. ಅವಳ ಹತ್ತಿರ ಇರಬೇಕೆಂದೇ ಅವನು ಯಾವ ಕೆಲಸವಾದರೂ ಸರಿ ಎಂದು ಏಜೆಂಟನ ಕೈಕಾಲು ಹಿಡಿದು ಬಂದವನು. ಸೆಗಯಾದಲ್ಲಿ ಒಂದು ಲಾಂಡ್ರಿಯ ಮೇಲೆ ಒಂದು ಕೋಣೆ ಹಿಡಿದು ವರ್ಷವೂ ಆಗಿರಲಿಲ್ಲ. ನಾನು ಹೋದಾಗೆಲ್ಲ ಕೆಳಗಿನಿಂದ ಇಸ್ತ್ರಿಯ ಹಬೆ ಬಂದು ಆ ಕೋಣೆ ಬೆಚ್ಚಗಿರುತ್ತಿತ್ತು, ಅವರಿಬ್ಬರೂ ಯಾವುದೋ ಒಂದಕ್ಕೆ ಜಗಳ ಕಾಯುತ್ತಿರುತ್ತಿದ್ದರು. ಚಟ್ನಿಗೆ ಉಪ್ಪು, ಟ್ರಾನ್ಸಿಸ್ಟರ್ ದನಿ, ಬಾತ್‌ರೂಮಿನ ಬಕೆಟ್. ಜಗಳವಾಡಲಿಕ್ಕೆಂದೇ ಒಂದಾದವರ ಹಾಗೆ ಕಾಣುತ್ತಿದ್ದರು. ನೋಡಿದರೆ ಹೊಟ್ಟೆ ತುಂಬುತ್ತಿತ್ತು.

ನಾನು ಹಾಲಿಸ್ ಬಳಿ ಹೋದೆ.

"ನಾಯಕ್, ಈ ಮನುಷ್ಯನ ಹೆಸರಿನ ಮುಂದೆ ಏನೂ ಇಲ್ಲ," ಎಂದ ಅವನು.

"ತಂಡದ ಹೆಸರಿನ ಮುಂದೆ ಇದೆಯಲ್ಲ ಸಾರ್," ಎಂದೆ ನಾನು. "ಆರರಿಂದ ಎರಡಕ್ಕೆ."

ಅವನು ನಗಲಿಲ್ಲ, ಯೋಚಿಸಿದ. ತಂಡ ಸುಧಾರಿಸಲು ಹತ್ತು ಕಾರಣ ಇರಬಹುದು ಎಂದ. ಹೊಸ ಗ್ಲೌಸು ಬಂತು, ಹವೆ ತಂಪಾಯಿತು, ಆಡಿ ಆಡಿ ಆಟ ಕಲಿತರು. ಇವನೇ ಕಾರಣ ಎಂದು ಹೇಗೆ ಹೇಳುವುದು? ಒಂದೇ ದಾರಿ, ಇವನನ್ನು ತೆಗೆದು ನೋಡುವುದು. ಮೂರು ಪಂದ್ಯ ಇವನಿಲ್ಲದೆ ಆಡಿ. ಸೋತರೆ ಇವನ ಬೆಲೆ ಗೊತ್ತಾಗುತ್ತದೆ, ಮೇಲಿನವರ ಅನುಮತಿ ಕೇಳಿ ಏಳನೆಯ ಹೆಸರಾಗಿ ಸೇರಿಸುತ್ತೇನೆ ಎಂದ.

ಲೆಕ್ಕ ಸರಿಯಾಗಿಯೇ ಇತ್ತು. ಇಂದಿಗೂ ಆ ತರ್ಕದಲ್ಲಿ ನನಗೆ ತೂತು ಕಾಣುವುದಿಲ್ಲ. ಮೂರು ಪಂದ್ಯ ಎಂದದ್ದನ್ನು ನಾನು ಒಂದಕ್ಕೆ ಇಳಿಸಿದೆ. ಆ ಒಂದು, ಲೀಗಿನಲ್ಲಿ ಮೊದಲ ಸ್ಥಾನದಲ್ಲಿದ್ದ ತಾಂತ್ರಿಕ ಕಾಲೇಜಿನ ತಂಡದ ಮೇಲೆ ಎಂದು ಒಪ್ಪಿಸಿದೆ, ಸೋಲು ಅಲ್ಲಿ ಸುಲಭ. ಹಾಲಿಸ್ ತನ್ನ ಕಡೆಯಿಂದ ಒಂದು ಷರತ್ತು ಹಾಕಿದ. ಅವತ್ತು ಸಂಜೀವ ಮೈದಾನಕ್ಕೆ ಬರಲಿ, ಸ್ಕೋರರ್ ಪಕ್ಕದಲ್ಲೇ ಕೂರಲಿ. ಆದರೆ ದನಿಯಿಲ್ಲ, ಕೈಸನ್ನೆಯಿಲ್ಲ. ಒಂದು ಸಲ ಬಾಯಿ ತೆರೆದರೂ ಪರೀಕ್ಷೆ ರದ್ದು, ಹೆಸರು ಇಲ್ಲ. ಕೈ ಕುಲುಕಿ ಹೊರಬಂದಾಗ ನನ್ನಷ್ಟು ಗಟ್ಟಿ ಚೌಕಾಸಿಗಾರ ಆ ದ್ವೀಪದಲ್ಲಿ ಇಲ್ಲ ಎನಿಸಿತ್ತು.

ಸೆಗಯಾದ ಕೋಣೆಗೆ ಹೋಗಿ ಹೇಳಿದೆ. ಲಲಿತಾ ಚಾ ಸೋಸುತ್ತಿದ್ದಳು.

"ಬಾಯಿ ಮುಚ್ಚಿ ಕೂರುದಾ? ಇವರಾ?" ಎಂದಳು. "ನಾಯಕ್ರೆ, ಅದಕ್ಕಿಂತ ಸಮುದ್ರದಲ್ಲಿ ನೀರು ಬೇಡ ಅಂತ ಹೇಳಿ."

"ಕೂರ್ತೇನೆ ಮಾರಾಯ್ತಿ, ಬಾಯಿಗೆ ಬೀಗ ಹಾಕ್ತೇನೆ. ಕೀಲಿ ನಿನ್ನ ಹತ್ರವೇ ಇರ್ಲಿ."

"ಹಾಗಾದ್ರೆ ಶನಿವಾರ ಕೊಡುದಿಲ್ಲ. ನಂಗೂ ಒಂದು ವಾರ ನೆಮ್ಮದಿ ಬೇಕು."

ಎಲ್ಲರೂ ನಕ್ಕೆವು. ಹೊರಡುವಾಗ ಸಂಜೀವ ಮೆಟ್ಟಿಲಿನವರೆಗೆ ಬಂದ. "ನಾಯಕ್ರೆ, ಇದು ಆದ್ರೆ..." ಎಂದು ನಿಲ್ಲಿಸಿದ. ಆಮೇಲೆ, "ಇವಳು ಹೊರಗೆ ಹಾಗೆ ಮಾತಾಡುದು ಅಷ್ಟೆ. ಮೊನ್ನೆಯಿಂದ ಪೆಟ್ಟಿಗೆ ಕಟ್ಟುವ ಹಗ್ಗ ಕಂಡ್ರೆ ಸಾಕು ಅಳ್ತಾಳೆ," ಎಂದ.

ಆ ಶುಕ್ರವಾರ ಬೆಳಿಗ್ಗೆಯಿಂದಲೇ ವಾಯವ್ಯದ ಶಮಾಲ್ ಗಾಳಿ ಬೀಸುತ್ತಿತ್ತು, ಕಣ್ಣಿಗೆ ಮರಳು. ಸಂಜೀವ ನನ್ನ ಎಡಗಡೆ ಬಂದು ಕೂತ. ಕೈ ತನ್ನಿಂದ ತಾನೇ ಏಳದಿರಲಿ ಎಂದು ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡಿದ್ದ. ಹಾಲಿಸ್ ನಮ್ಮ ಹಿಂದಿನ ಸಾಲಿನಲ್ಲಿ. ಮೂರನೇ ಬೇಸಿನ ಪಕ್ಕದ ಚೌಕದಲ್ಲಿ ಯಾರು ನಿಲ್ಲುತ್ತೀರಿ ಎಂದು ಕೇಳಿದೆ, ಯಾರೂ ಒಪ್ಪಲಿಲ್ಲ. "ಸಂಜೀವಣ್ಣನ ಜಾಗದಲ್ಲಿ ನಿಂತು ಬೈಸಿಕೊಳ್ಳುದು ಯಾರು?" ಎಂದ ವಿಲ್ಲಿ. ಚೌಕ ಖಾಲಿ ಉಳಿಯಿತು. ನೀರಿನ ಡ್ರಮ್ಮನ್ನು ಮತ್ತೆ ಅಲ್ಲಿಗೆ ಸರಿಸಿದರೂ ಸಾಕಿತ್ತೇನೋ, ನೋಡಲು ಏನಾದರೂ ಇರುತ್ತಿತ್ತು ಎಂದು ನನಗೆ ಆಮೇಲೆ ಎಷ್ಟೋ ಸಲ ಅನಿಸಿದೆ.

ಬ್ಯಾಟಿಂಗಿನ ಮೊದಲ ನಾಲ್ಕು ಸರದಿ ನಮ್ಮ ಲೆಕ್ಕದ ಹಾಗೇ ನಡೆಯಿತು. ನಮ್ಮವರು ಹೊಡೆದರು, ನಿಂತರು, ಔಟಾದರು. ಸಂಜೀವನ ಕುತ್ತಿಗೆಯ ನರ ಉಬ್ಬುತ್ತಿತ್ತು. ನಾನು ಮೆಲ್ಲಗೆ, "ಸೋಲುತ್ತಿದ್ದೇವೆ, ಒಳ್ಳೆಯದಾಗುತ್ತಿದೆ," ಎಂದೆ. ಅವನು ತಲೆಯಾಡಿಸಿದ.

ಐದನೆಯ ಸರದಿಯಲ್ಲಿ ವಿಲ್ಲಿ ಅದ್ಭುತವಾಗಿ ಹೊಡೆದು ಎರಡನೇ ಬೇಸಿಗೆ ಬಂದ. ಹಿಂದಿನಿಂದ ಬಂದ ಫಿಟ್ಟರ್ ಬಲಗಡೆಯ ದೂರಕ್ಕೆ ಹೊಡೆದ. ವಿಲ್ಲಿ ಹೊರಟ. ಎರಡು ತಿಂಗಳು ರೂಢಿಯಾದ ಹಾಗೆ ತಲೆ ತಗ್ಗಿಸಿ, ಚೆಂಡು ನೋಡದೆ, ಪೂರ್ತಿ ವೇಗದಲ್ಲಿ ಓಡಿದ. ಅರ್ಧ ದಾರಿಯಲ್ಲಿ ಹೆಲ್ಮೆಟ್ ಹಾರಿ ಬಿತ್ತು. ನಮ್ಮ ಹೆಲ್ಮೆಟ್‌ಗಳೆಲ್ಲ ದೊಡ್ಡ ಅಳತೆಯವು, ಪ್ರತಿ ಪಂದ್ಯದಲ್ಲೂ ಬೀಳುತ್ತಿದ್ದವು. ದೂರದಲ್ಲಿ ಕಾಲೇಜಿನ ಹುಡುಗ ಚೆಂಡು ಹಿಡಿದು ಮೂರನೇ ಬೇಸಿಗೆ ಎಸೆದ. ಒಳ್ಳೆಯ ತೋಳು ಅವನದು. ಚೆಂಡು ಬಾಗದೆ ಬರುತ್ತಿತ್ತು.

ಅಲ್ಲಿ ದನಿ ಬರಬೇಕಿತ್ತು. ಬಲಿಪು ಎಂದೋ ಉಂತು ಎಂದೋ, ಏನಾದರೊಂದು. ಬರಲಿಲ್ಲ. ವಿಲ್ಲಿ ತಲೆಯೆತ್ತಿ ಚೌಕದ ಕಡೆ ನೋಡಿದ. ಖಾಲಿ. ಕ್ರೇನಿನ ಕೆಳಗೆ ಮೈಗೆ ಹತ್ತಿದ ಕಾನೂನು ಅವನ ಕಾಲನ್ನು ಹಿಡಿಯಿತು. ನಿಂತ. ನಿಂತು, ಚೆಂಡು ಎಲ್ಲಿದೆ ಎಂದು ಮುಖ ತಿರುಗಿಸಿದ.

ಅದಕ್ಕೆ ಒಂದು ಕ್ಷಣ ಮೊದಲು ನನ್ನ ಎಡಗಡೆ ಸಂಜೀವ ಅರ್ಧ ಎದ್ದಿದ್ದ. ಅವನು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ದೊಡ್ಡ ಕೂಗಿಗೆ ಮೊದಲು ಎದೆ ತುಂಬ ಎಳೆದುಕೊಳ್ಳುವ ಉಸಿರು. ಪೂರ್ತಿ ಒಳಗೆ ಹೋಯಿತು. ದನಿಯಾಗಿ ಹೊರಬರಲಿಲ್ಲ.

ಬಹರೈನ್‌ನಲ್ಲಿ ಸಿಡಿಲಿನ ಹಾಗೆ ಬಿದ್ದ ಕಬ್ಬಿಣದ ತೊಲೆಗಳ ಸದ್ದು ಕೇಳಿದ್ದೇನೆ. ಅವು ಯಾವುವೂ ಈಗ ನೆನಪಿಗೆ ಬರುವುದಿಲ್ಲ. ಒಳಕ್ಕೆ ಹೋಗಿ ಅಲ್ಲೇ ಉಳಿದ ಆ ಉಸಿರು ಮಾತ್ರ ಮಧ್ಯಾಹ್ನ ಊಟ ಮಾಡಿ ಕಣ್ಣು ಮುಚ್ಚಿದರೆ ಎಡಗಿವಿಯ ಹತ್ತಿರ ಬರುತ್ತದೆ. ಬಸ್ಸಿನಲ್ಲಿ ಪಕ್ಕದವರು ಆಕಳಿಸಲು ಬಾಯಿ ತೆರೆದರೂ ನಾನು ಮುಂದಿನ ಸೀಟಿನ ಕಂಬಿ ಹಿಡಿಯುತ್ತೇನೆ.

ಚೆಂಡು ವಿಲ್ಲಿಯ ಎಡಗಣ್ಣಿಗೆ ಬಿತ್ತು.

ಸಲ್ಮಾನಿಯಾಕ್ಕೆ ಕಂಪನಿಯ ವ್ಯಾನಿನಲ್ಲಿ ನಾನೇ ಕರೆದೊಯ್ದೆ. ಸಂಜೀವ ವಿಲ್ಲಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಡಾಕ್ಟರರು ತಮ್ಮಿಂದಾದದ್ದನ್ನೆಲ್ಲ ಮಾಡಿದರು. ಮೂರನೆಯ ದಿನ, ಆ ಕಣ್ಣಿಗೆ ದೃಷ್ಟಿ ಬರುವುದಿಲ್ಲ ಎಂದು ತಿಳಿಸಿದರು. ಆ ಸಂಜೆ ನಾನೂ ಸಂಜೀವನೂ ವಾರ್ಡಿಗೆ ಹೋದೆವು. ಲಲಿತಾ ಬೇರೆ ವಾರ್ಡಿನವಳಾದರೂ ಡ್ಯೂಟಿ ಮುಗಿಸಿ ಬಂದು ವಿಲ್ಲಿಯ ಹಾಸಿಗೆಯ ಪಕ್ಕ ನಿಂತಿದ್ದಳು, ಯೂನಿಫಾರ್ಮ್‌ನಲ್ಲೇ.

ವಿಲ್ಲಿಗೆ ವಿಷಯ ಗೊತ್ತಾಗಿತ್ತು. ಆದರೂ ನಮ್ಮನ್ನು ಕಂಡು ನಕ್ಕ. "ನಾಯಕ್ರೆ, ನನ್ನ ಆವರೇಜ್ ಎಷ್ಟಕ್ಕೆ ನಿಂತಿತು?"

"ನಾನೂರ ಹನ್ನೊಂದು," ಎಂದೆ.

"ಇನ್ನು ಅದನ್ನು ಇಳಿಸ್ಲಿಕ್ಕೆ ಯಾರಿಂದ್ಲೂ ಆಗುದಿಲ್ಲ ನೋಡಿ," ಎಂದ. ಆಮೇಲೆ ಸಂಜೀವನ ಕಡೆ ತಿರುಗಿದ. ತಿರುಗುವಾಗ ಇಡೀ ತಲೆಯನ್ನೇ ತಿರುಗಿಸಬೇಕಾಯಿತು.

"ಸಂಜೀವಣ್ಣ, ನೀವೆಂತಕ್ಕೆ ಮುಖ ಹಾಗೆ ಮಾಡ್ಕೊಂಡದ್ದು? ನೀವು ಕರೆದೇ ಇರ್ತೀರಿ ಅಂತ ನಂಗೆ ಗೊತ್ತುಂಟು. ಆ ಶಮಾಲಿನಲ್ಲಿ ನಂಗೆ ಕೇಳ್ಲಿಲ್ಲ, ಅಷ್ಟೆ."

ಸಂಜೀವ ಹಾಸಿಗೆಯ ಕಂಬಿ ಹಿಡಿದು ನಿಂತಿದ್ದ. ಅಲ್ಲ ಎನ್ನಬಹುದಿತ್ತು, ಹೌದು ಎನ್ನಬಹುದಿತ್ತು. ಯಾವುದನ್ನೂ ಹೇಳಲಿಲ್ಲ. ಲಲಿತಾ ಒಮ್ಮೆ ಗಂಡನ ಮುಖ ನೋಡಿ ನೀರಿನ ಜಗ್ಗು ಎತ್ತಿಕೊಂಡು ಹೊರಗೆ ಹೋದಳು. ನಾವೂ ಹೊರಟೆವು. ಕಾರಿಡಾರಿನ ಕಿಟಕಿಯ ಹತ್ತಿರ ಅವಳು ಕಾಯುತ್ತಿದ್ದಳು.

"ಚೆಂಡು ಬರುದು ನಿಮಗೆ ಕಂಡಿತ್ತಾ?" ಎಂದು ಕೇಳಿದಳು.

"ಕಂಡಿತ್ತು," ಎಂದ ಸಂಜೀವ.

"ಕರೆದ್ರಾ?"

"ಇಲ್ಲ."

"ಎಂತಕ್ಕೆ?"

ಅವನು ಅವಳನ್ನು ನೋಡಿದ. ಉತ್ತರ ಅವನ ಎದುರಿಗೇ ನಿಂತಿತ್ತು. ಅವಳಿಗೂ ತಿಳಿಯಿತು. ಜಗ್ಗು ತುಂಬಿಸಿ ವಾರ್ಡಿನೊಳಕ್ಕೆ ಹೋದಳು.

ವಿಲ್ಲಿ ನಿಜವಾಗಿ ಹಾಗೆ ನಂಬಿದ್ದನೇ, ಅಥವಾ ಎಲ್ಲ ತಿಳಿದು ಸಂಜೀವನಿಗೆ ಒಂದು ಬಾಗಿಲು ತೆರೆದುಕೊಟ್ಟನೇ? ಮನುಷ್ಯರ ಮನಸ್ಸನ್ನು ಬಾಯಿ ಬಿಡುವ ಮೊದಲೇ ಓದುತ್ತೇನೆ ಎಂದು ಬೀಗುವ ನನಗೆ ಇದೊಂದನ್ನು ಓದಲು ಆಗಿಲ್ಲ.

ಮರುದಿನ ಹಾಲಿಸ್ ನನ್ನನ್ನು ಕರೆಸಿದ. ಕಣ್ಣು ಕೆಂಪಾಗಿತ್ತು. "ನಿನ್ನ ಮಾತು ಸಾಬೀತಾಯಿತು," ಎಂದು ಸಂಜೀವನ ಹೆಸರಿಗೆ ಸಹಿ ಹಾಕಿದ. ಗೆದ್ದ ವ್ಯಾಪಾರ ಅಷ್ಟು ಭಾರವಾಗಿ ನನ್ನ ಕೈಗೆ ಬಂದದ್ದು ಅದೇ ಮೊದಲು. ವಿಲ್ಲಿಯನ್ನು ಸ್ಟೋರಿಗಾದರೂ ಹಾಕಿಕೊಳ್ಳಿ ಎಂದು ನಾನು ಒಂದು ವಾರ ಹಿಡಿದ ಪಟ್ಟು ಬಿಡಲಿಲ್ಲ. ವೀಸಾ ವೆಲ್ಡರ್‌ನದು, ಬದಲಾಯಿಸಲು ಬರುವುದಿಲ್ಲ. ಗಾಯ ರಜಾದಿನದ್ದು, ಕೆಲಸದ ಗಾಯದ ಲೆಕ್ಕಕ್ಕೆ ಬರುವುದಿಲ್ಲ. ಹಾಲಿಸ್ ತಾನೂ ಪ್ರಯತ್ನಪಟ್ಟ, ಮೇಲಿನವರು ಒಪ್ಪಲಿಲ್ಲ. ಏಪ್ರಿಲ್ ಮೂರನೇ ವಾರ ವಿಲ್ಲಿ ಊರಿಗೆ ಹೋದ. ಲೀಗಿನ ಕೊನೆಯ ಪಟ್ಟಿ ಬೋರ್ಡಿಗೆ ಬಂದಾಗ ಮೊದಲ ಹೆಸರು ಅವನದೇ ಇತ್ತು. ಇನ್ನೊಂದು ಸಂಗತಿ ಹೇಳಬೇಕು. ವಿಲ್ಲಿಯ ಜಾಗ ಖಾಲಿಯಾದ್ದರಿಂದ, ಮೇಲಿನವರು ಏಳನೆಯ ಹೆಸರಿಗೆ ಅನುಮತಿ ಕೊಡಬೇಕಾಗಲೇ ಇಲ್ಲ. ಆರು ಜನ ಆರೇ ಜನವಾಗಿ ಉಳಿದರು, ಅದರಲ್ಲಿ ಒಬ್ಬ ಸಂಜೀವ.

ಸಂಜೀವ ಹೊಸ ಯೋಜನೆಯಲ್ಲಿ ಸಿಗ್ನಲ್ ಕೆಲಸ ಬೇಡ ಎಂದು ಬರೆದುಕೊಟ್ಟು ಪೈಪ್ ವಿಭಾಗಕ್ಕೆ ಸೇರಿದ. ಮುಂದಿನ ಚಳಿಗಾಲ ಲೀಗ್ ಮತ್ತೆ ಶುರುವಾದಾಗ ಹಾಲಿಸ್ ಅವನಿಗಾಗಿ ಪಟ್ಟಿಯಲ್ಲಿ ಒಂದು ಹೊಸ ಅಂಕಣವನ್ನೇ ಮಾಡಲು ಹೊರಟಿದ್ದ. ಅವನು ಮೈದಾನಕ್ಕೆ ಬರಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಈಗ ಆ ಎರಡನೆಯ ಸಲಹೆ. ಒಬ್ಬನ ಬೆಲೆ ಎಷ್ಟು ಎಂದು ತೋರಿಸಲು ಅವನನ್ನು ತೆಗೆದು ನೋಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಫೀಸಿನಲ್ಲಿ, ಕಾರ್ಖಾನೆಯಲ್ಲಿ, ಮನೆಯಲ್ಲಿ, ಎಲ್ಲಿಯೂ ಒಪ್ಪಬೇಡಿ. ಕಾಗದದ ಮೇಲೆ ಅದು ಬಹಳ ನ್ಯಾಯವಾಗಿ ಕಾಣುತ್ತದೆ. ಆದರೆ ಅವನಿರುವನೆಂದು ನಂಬಿ ತಲೆ ತಗ್ಗಿಸಿ ಓಡುತ್ತಿರುವ ಇನ್ನೊಬ್ಬ ಎಲ್ಲೋ ಇರುತ್ತಾನೆ. ಚೌಕಾಸಿಯ ಮೇಜಿನ ಸುತ್ತ ನೀವಿರುತ್ತೀರಿ, ಎದುರಿನವನಿರುತ್ತಾನೆ, ಅವನು ಇರುವುದಿಲ್ಲ. ಆಮೇಲಿನ ಇಪ್ಪತ್ತು ವರ್ಷ ನಾನು ನೂರಾರು ವ್ಯವಹಾರ ಕುದುರಿಸಿದೆ. ಕೈ ಕುಲುಕುವ ಮೊದಲು, ಇದರ ಏಟು ಇಲ್ಲಿಲ್ಲದ ಯಾರಿಗೆ ಬೀಳುತ್ತದೆ ಎಂದು ಕೇಳಿಕೊಂಡಿದ್ದೇನೆ. ಅದರಿಂದ ಕೆಲವು ಒಳ್ಳೆಯ ವ್ಯಾಪಾರ ಕಳೆದುಕೊಂಡೆ. ಹೋಗಲಿ.

೧೯೮೬ರಲ್ಲಿ ನಾನು ಬಹರೈನ್ ಬಿಡುವ ಮೊದಲು ಹೇಳಿಹೋಗಲೆಂದು ಸೆಗಯಾಕ್ಕೆ ಹೋದೆ. ಅದೇ ಕೋಣೆ, ಕೆಳಗೆ ಅದೇ ಲಾಂಡ್ರಿ. ಸಂಜೀವ ಪೇಟೆಗೆ ಹೋಗಿದ್ದ. ಲಲಿತಾ ಚಾ ಕೊಟ್ಟಳು. ಕೋಣೆ ತುಂಬ ಚೊಕ್ಕಟವಾಗಿತ್ತು, ಟ್ರಾನ್ಸಿಸ್ಟರ್ ಮೆಲ್ಲಗೆ ಹಾಡುತ್ತಿತ್ತು. ಏನಾದರೂ ಹೇಳಬೇಕಲ್ಲ ಎಂದು, "ಈಗಲೂ ಜಗಳ ಜೋರು ಉಂಟಾ?" ಎಂದು ಕೇಳಿದೆ.

ಅವಳು ಸೆರಗಿನ ಅಂಚನ್ನು ಮಡಿಸಿದಳು.

"ಇಲ್ಲ ನಾಯಕ್ರೆ, ಜಗಳ ಇಲ್ಲ," ಎಂದಳು. "ಒಂದು ದಿನವೂ ಇಲ್ಲ. ನಾವು ಒಟ್ಟಿಗೆ ಇರ್ಲಿಕ್ಕೆ ಅಲ್ವಾ ಅಷ್ಟೆಲ್ಲ ಆದದ್ದು. ಸಾರಿಗೆ ಉಪ್ಪು ಹೆಚ್ಚಾದ್ರೂ ಇವರು ಸುಮ್ಮನೆ ಊಟ ಮಾಡ್ತಾರೆ. ಎಂತಕ್ಕೆ ಸುಮ್ಮನಿದ್ದೀರಿ ಅಂತ ನಂಗೂ ಕೇಳ್ಲಿಕ್ಕೆ ಧೈರ್ಯ ಬರುದಿಲ್ಲ."